ಮುಟ್ಟಲಾಗದ ಬೆಂಕಿಯ ಅಳತೆ

ಮಹಾರಾಷ್ಟ್ರದ ಕುಪವಾಡ ಎಂಐಡಿಸಿಯಂಥ ಕೈಗಾರಿಕಾ ವಸಾಹತಿನ ಎರಕದ ಮನೆಯಲ್ಲಿ ಕರಗಿದ ಕಬ್ಬಿಣದ ಬಿಸಿಯನ್ನು ತಿಳಿಯಬೇಕಾದರೆ, ಪ್ಲಾಟಿನಂ ಮತ್ತು ಪ್ಲಾಟಿನಂ-ರೋಡಿಯಂ ಮಿಶ್ರಲೋಹದ ತಂತಿಗಳ ಬೆಸುಗೆಯನ್ನು ಕಾಗದದ ಕೊಳವೆಯ ತುದಿಯಲ್ಲಿ ಕೂರಿಸಿ ಕೆಲವೇ ಸೆಕೆಂಡು ಅದ್ದಿದರೆ ಸಾಕು. ಸುಮಾರು 1,400 ಡಿಗ್ರಿಯ ಅಂಕಿ ಮೂಡಿದ ಮೇಲೆ ತುದಿ ಸುಟ್ಟುಹೋದರೂ ಚಿಂತೆಯಿಲ್ಲ. ಬೈಜಿಕ ಸಮ್ಮಿಲನಕ್ಕೆಂದು ಕೋಟಿ ಡಿಗ್ರಿಗೆ ಕಾಯಿಸಿದ ಪ್ಲಾಸ್ಮಾಕ್ಕೆ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡ ಅನಿಲಕ್ಕೆ, ಈ ಉಪಾಯ ಒಗ್ಗದು. ಅದ್ದಿದ ಸಾಧನ ತಾನು ಹಾಳಾಗುವುದರ ಜೊತೆಗೆ ಪ್ಲಾಸ್ಮಾವನ್ನೂ ತಣಿಸಿ ಕೆಡಿಸುತ್ತದೆ.

ಆದರೂ ಅದ್ದಿ ನೋಡುವ ಪದ್ಧತಿಯಿಂದಲೇ ಪ್ಲಾಸ್ಮಾವನ್ನು ಅಳೆಯುವ ವಿದ್ಯೆ ಆರಂಭವಾಯಿತು. ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1920ರ ದಶಕದಲ್ಲಿ ವಿದ್ಯುತ್ ಹರಿಯುತ್ತಿದ್ದ ವಿರಳ ಅನಿಲದೊಳಗೆ ಪುಟ್ಟ ತಂತಿಯನ್ನಿಳಿಸಿ, ಅದರ ವೋಲ್ಟೇಜು ಏರಿಸಿದಂತೆ ವಿದ್ಯುತ್ ಪ್ರವಾಹ ಎಷ್ಟು ಕಡಿದಾಗಿ ಏರುತ್ತದೆಂಬುದರಿಂದ ಎಲೆಕ್ಟ್ರಾನುಗಳ ಉಷ್ಣತೆಯನ್ನೂ, ಪ್ರವಾಹದ ಪ್ರಮಾಣದಿಂದ ಅವುಗಳ ಸಾಂದ್ರತೆಯನ್ನೂ ಲೆಕ್ಕಹಾಕಿದರು; ‘ಪ್ಲಾಸ್ಮಾ’ ಎಂಬ ಹೆಸರನ್ನು 1928ರಲ್ಲಿ ಇಟ್ಟವರೂ ಅವರೇ. ಈ ತಂತಿ ಇಂದಿಗೂ ಬಳಕೆಯಲ್ಲಿದೆ, ಆದರೆ ಸಮ್ಮಿಲನ ಯಂತ್ರಗಳಲ್ಲಿ ಬಿಸಿ ಕಡಿಮೆಯಿರುವ ಅಂಚಿನಲ್ಲಿ ಮಾತ್ರ.

ಒಳಗಿನ ಬಿಸಿಯನ್ನು ಅದ್ದದೆಯೇ ಅಂದಾಜಿಸಬೇಕು; ಇಂಥ ಪರೋಕ್ಷ ಅಳತೆಯ ಅಪಾಯ 1958ರಲ್ಲಿ ಬಯಲಾಯಿತು. ಇಂಗ್ಲೆಂಡಿನ ಹಾರ್ವೆಲ್‌ನ ಜೀಟಾ ಯಂತ್ರದಲ್ಲಿ 50 ಲಕ್ಷ ಡಿಗ್ರಿ ಸಾಧಿಸಿ ಸಮ್ಮಿಲನ ನಡೆಸಲಾಗಿದೆಯೆಂದು ಜನವರಿಯಲ್ಲಿ ಸಾರಿದ ವಿಜ್ಞಾನಿಗಳು, ಸಮ್ಮಿಲನದ ಗುರುತೆಂದು ಬಗೆದಿದ್ದ ನ್ಯೂಟ್ರಾನುಗಳಿಗೆ ಬಿಸಿ ಕಾರಣವಲ್ಲವೆಂದು ಕೆಲವೇ ತಿಂಗಳಲ್ಲಿ ಒಪ್ಪಬೇಕಾಯಿತು. ಆದ್ದರಿಂದಲೇ 1968ರಲ್ಲಿ ನೊವೊಸಿಬಿರ್ಸ್ಕ್ ಸಮ್ಮೇಳನದಲ್ಲಿ ಸೋವಿಯತ್ ವಿಜ್ಞಾನಿ ಲೆವ್ ಆರ್ಟ್ಸಿಮೊವಿಚ್ ತಮ್ಮ ಟಿ-3 ಟೊಕಮಾಕ್, ಅಂದರೆ ಕಾಂತಕ್ಷೇತ್ರದಿಂದ ಪ್ಲಾಸ್ಮಾವನ್ನು ಬಳೆಯಾಕಾರದಲ್ಲಿ ಹಿಡಿದಿಡುವ ಯಂತ್ರ, ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದೆಯೆಂದಾಗ ಪಾಶ್ಚಾತ್ಯರು ಸುಲಭವಾಗಿ ನಂಬಲಿಲ್ಲ.

ಸಂದೇಹ ಬಗೆಹರಿದದ್ದು ಬೆಳಕಿನಿಂದ. ಆರ್ಟ್ಸಿಮೊವಿಚ್ ಅವರ ಆಹ್ವಾನದ ಮೇರೆಗೆ ಇಂಗ್ಲೆಂಡಿನ ಕಲ್ಹಮ್ ಪ್ರಯೋಗಾಲಯದ ನಿಕೋಲ್ ಪೀಕಾಕ್ ಅವರ ತಂಡ, ಶೀತಲ ಸಮರದ ನಡುವೆಯೂ, ಸುಮಾರು ಐದು ಟನ್ ಉಪಕರಣಗಳನ್ನು ಮಾಸ್ಕೋಗೆ ಸಾಗಿಸಿ, ಮಾಣಿಕ್ಯದ ಲೇಸರಿನ ಕೆಂಪು ಕಿರಣವನ್ನು ಟಿ-3ರೊಳಗೆ ಹಾಯಿಸಿತು. ಈ ‘ಥಾಮ್ಸನ್ ಚದುರುವಿಕೆ’ಯಲ್ಲಿ ಓಡುತ್ತಿರುವ ಎಲೆಕ್ಟ್ರಾನುಗಳು ಬೆಳಕಿನ ಒಂದು ಅತ್ಯಲ್ಪ ಪಾಲನ್ನು ಚದುರಿಸುತ್ತವೆ, ಅವುಗಳ ವೇಗ ಹೆಚ್ಚಿದಷ್ಟೂ ಚದುರಿದ ಬೆಳಕಿನ ಬಣ್ಣ ಅಗಲವಾಗಿ ಹರಡುವುದರಿಂದ ಆ ಅಗಲ ಉಷ್ಣತೆಯನ್ನೂ, ಬೆಳಕಿನ ಒಟ್ಟು ಮೊತ್ತ ಸಾಂದ್ರತೆಯನ್ನೂ ತಿಳಿಸುತ್ತದೆ. ಸೋವಿಯತ್ ಅಂಕಿ ನಿಜವೆಂಬುದು 1969ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಅಮೆರಿಕದ ಪ್ರಿನ್ಸ್‌ಟನ್ ತನ್ನ ಮಾಡೆಲ್-ಸಿ ಯಂತ್ರವನ್ನೇ ಟೊಕಮಾಕ್ ಆಗಿ ಮಾರ್ಪಡಿಸಿತು. ಗಾಂಧಿನಗರದಲ್ಲಿ 1989ರಲ್ಲಿ ಕೆಲಸಕ್ಕಿಳಿದ ‘ಆದಿತ್ಯ’ ಯಂತ್ರ ಕೂಡ ಅದೇ ಟೊಕಮಾಕ್ ವಂಶದ್ದು.

ಥಾಮ್ಸನ್ ಚದುರುವಿಕೆಯಲ್ಲಿ ಸಿಕ್ಕ ಬೆಳಕಿನ ಮೊತ್ತವನ್ನು ಎಲೆಕ್ಟ್ರಾನುಗಳ ಸಂಖ್ಯೆಗೆ ಪರಿವರ್ತಿಸಲು ಒಂದು ಪಡಿ ಬೇಕು. ಅದಕ್ಕಾಗಿ ಅನೇಕ ಯಂತ್ರಗಳಲ್ಲಿ, ಪ್ರಯೋಗಕ್ಕೆ ಮುನ್ನ ಖಾಲಿ ಪಾತ್ರೆಗೆ ಗೊತ್ತಾದ ಒತ್ತಡದಲ್ಲಿ ಸಾರಜನಕ ತುಂಬಿ, ಅದು ಚದುರಿಸುವ ಲೇಸರ್ ಬೆಳಕನ್ನು ಅಳೆದಿಡುತ್ತಾರೆ. ಈ ಬೆಳಕಿನ ಒಂದು ಸಣ್ಣ ಪಾಲು ಲೇಸರಿನ ಬಣ್ಣದಿಂದ ತುಸು ಸರಿದಿರುವುದರಿಂದ ಅದು ಪಾತ್ರೆಯ ಗೋಡೆಯಿಂದ ಮರಳುವ ಬೆಳಕಿನೊಂದಿಗೆ ಬೆರೆಯದು. ಹೀಗೆ ಬಣ್ಣ ಸರಿಯುವುದಕ್ಕೇ ರಾಮನ್ ಪರಿಣಾಮವೆಂದು ಹೆಸರು. ಲ್ಯಾಂಗ್‌ಮ್ಯೂರ್ ಪ್ಲಾಸ್ಮಾಕ್ಕೆ ಹೆಸರಿಟ್ಟ 1928ರಲ್ಲೇ ಅದನ್ನು ಕೋಲ್ಕತ್ತದಲ್ಲಿ ಕಂಡುಹಿಡಿದ ಸಿ.ವಿ. ರಾಮನ್, 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಅಲ್ಲಿಯೇ ನೆಲೆಸಿದರು.