ರಾಯಭಾರಿಯ ಇಮೇಲ್ ಕದ್ದರೆ ಯುದ್ಧ ಆಗುತ್ತದೆಯೇ?

‘ಚೀನಾ ಅಮೆರಿಕದ ಸರ್ಕಾರಿ ಕಂಪ್ಯೂಟರ್ ಹ್ಯಾಕ್ ಮಾಡಿದೆ, ರಾಯಭಾರಿಯನ್ನು ವಾಪಸ್ ಕರೆಸಿಕೊಳ್ಳುತ್ತಿದ್ದಾರೆ, ಮೂರನೇ ಮಹಾಯುದ್ಧ ಖಚಿತ, ಎಲ್ಲರಿಗೂ ಕಳಿಸಿ.’ ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಹ್ಯಾಕ್ ಆಯಿತು ಅನ್ನುವ ಭಾಗ ಎಷ್ಟೋ ಸಲ ನಿಜವೇ ಆಗಿರುತ್ತದೆ. ಆದರೆ ಅದಾದ ಮೇಲೆ ನಡೆಯುವುದು ಫಾರ್ವರ್ಡ್‌ನಲ್ಲಿ ಹೇಳಿದ ಹಾಗಲ್ಲ.

2023ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ನಡೆದ ಎರಡು ಘಟನೆ ನೋಡಿ.

ಫೆಬ್ರವರಿಯ ಆರಂಭದಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಆಕಾಶದಲ್ಲಿ ಚೀನಾದ ದೊಡ್ಡ ಬಿಳಿ ಬಲೂನು ಕಾಣಿಸಿತು. ಜನ ನೆಲದ ಮೇಲೆ ನಿಂತೇ ಫೋಟೊ ತೆಗೆದರು. ಅದು ಹವಾಮಾನ ಅಧ್ಯಯನದ್ದು, ದಾರಿ ತಪ್ಪಿ ಬಂದಿದೆ ಎಂದು ಚೀನಾ ಹೇಳಿತು. ಅಮೆರಿಕ ನಂಬಲಿಲ್ಲ. ಬೀಜಿಂಗ್‌ಗೆ ಹೊರಡಬೇಕಿದ್ದ ವಿದೇಶಾಂಗ ಸಚಿವ ಆಂಟನಿ ಬ್ಲಿಂಕನ್ ಪ್ರವಾಸ ಮುಂದೂಡಿದರು. ಫೆಬ್ರವರಿ 4ರಂದು ಯುದ್ಧವಿಮಾನ ಬಲೂನನ್ನು ಸಮುದ್ರದ ಮೇಲೆ ಹೊಡೆದುರುಳಿಸಿತು.

ಎರಡನೆಯದು ಯಾರ ಕಣ್ಣಿಗೂ ಕಾಣಲಿಲ್ಲ. ಅದೇ ವರ್ಷದ ಮೇ ತಿಂಗಳಿಂದ ಹ್ಯಾಕರ್‌ಗಳು ಅಮೆರಿಕದ ಅಧಿಕಾರಿಗಳ ಇಮೇಲ್ ಓದುತ್ತಿದ್ದರು. ಒಬ್ಬೊಬ್ಬರ ಪಾಸ್‌ವರ್ಡ್ ಕದ್ದು ಅಲ್ಲ. ಮೈಕ್ರೋಸಾಫ್ಟ್ ತನ್ನ ಬಳಕೆದಾರರನ್ನು ಗುರುತಿಸಲು ಬಳಸುವ ಒಂದು ಡಿಜಿಟಲ್ ಕೀ ಅವರ ಕೈಗೆ ಸಿಕ್ಕಿತ್ತು. ಕಚೇರಿಯ ಗೇಟ್ ಪಾಸಿಗೆ ಹಾಕುವ ಸೀಲೇ ಕಳ್ಳನಿಗೆ ಸಿಕ್ಕರೆ ಅವನು ಯಾರ ಹೆಸರಿನ ಪಾಸ್ ಬೇಕಾದರೂ ಮಾಡಿಕೊಳ್ಳಬಹುದಲ್ಲ, ಹಾಗೆ. ಬೀಜಿಂಗ್‌ನಲ್ಲಿದ್ದ ಅಮೆರಿಕದ ರಾಯಭಾರಿ ನಿಕೋಲಸ್ ಬರ್ನ್ಸ್, ವಾಣಿಜ್ಯ ಸಚಿವೆ ಜೀನಾ ರೈಮಾಂಡೊ ಅವರ ಇಮೇಲ್ ಖಾತೆಗಳೂ ಇದರಲ್ಲಿ ಸೇರಿದ್ದವು. ವಿದೇಶಾಂಗ ಇಲಾಖೆಯ ಹತ್ತು ಖಾತೆಗಳಿಂದಲೇ ಸುಮಾರು 60,000 ಇಮೇಲ್‌ಗಳು ಹೋದವು. ಇದು ಚೀನಾ ಮೂಲದ ಗುಂಪಿನ ಕೆಲಸ ಎಂದು ಮೈಕ್ರೋಸಾಫ್ಟ್ ಹೇಳಿತು, ಚೀನಾ ಅಲ್ಲಗಳೆಯಿತು.

ಇಲಾಖೆಯ ಸಿಬ್ಬಂದಿಗೆ ಇದರ ಸುಳಿವು ಸಿಕ್ಕಿದ್ದು ಜೂನ್ 15ರಂದು. ಜೂನ್ 18ಕ್ಕೆ ಬ್ಲಿಂಕನ್ ಬೀಜಿಂಗ್‌ನಲ್ಲಿದ್ದರು! ಆಗಸ್ಟ್‌ನಲ್ಲಿ ರೈಮಾಂಡೊ ಕೂಡ ಹೋದರು, ಹ್ಯಾಕಿಂಗ್ ವಿಷಯವನ್ನು ಅಲ್ಲೇ ಪ್ರಸ್ತಾಪಿಸಿದರು, ವ್ಯಾಪಾರದ ಮಾತುಕತೆ ಮುಗಿಸಿ ಬಂದರು. ರಾಯಭಾರಿ ಬರ್ನ್ಸ್ ತಮ್ಮ ಹುದ್ದೆಯಲ್ಲೇ ಮುಂದುವರಿದರು.

ಬಲೂನಿಗೆ ಪ್ರವಾಸ ನಿಂತಿತು, ಇಮೇಲ್ ಕಳವಿಗೆ ನಿಲ್ಲಲಿಲ್ಲ. ರಹಸ್ಯಗಳ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ನಷ್ಟ ಅನ್ನಿಸುತ್ತದೆ. ಆದರೆ ಬಲೂನನ್ನು ಇಡೀ ದೇಶ ನೋಡಿತ್ತು, ಸುಮ್ಮನಿದ್ದರೆ ಸರ್ಕಾರದ ಮರ್ಯಾದೆಯ ಪ್ರಶ್ನೆಯಾಗುತ್ತಿತ್ತು. ಎಷ್ಟು ಕದ್ದರು ಅನ್ನುವುದಕ್ಕಿಂತ ಎಷ್ಟು ಜನರಿಗೆ ಕಂಡಿತು, ಕದ್ದದ್ದನ್ನು ಏನು ಮಾಡಿದರು ಅನ್ನುವುದೇ ದೇಶಗಳ ಸಂಬಂಧವನ್ನು ಹೆಚ್ಚು ಕೆಡಿಸುತ್ತದೆ.

ಬೇಹುಗಾರಿಕೆ ಕಾನೂನುಬಾಹಿರ ಅಲ್ಲವೇ?

ಪ್ರತಿ ದೇಶದ ಒಳಗಿನ ಕಾನೂನಿನಲ್ಲಿ ಅದು ಅಪರಾಧವೇ. ಆದರೆ ಶಾಂತಿಕಾಲದ ಬೇಹುಗಾರಿಕೆಯನ್ನು ನೇರವಾಗಿ ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಇಲ್ಲ. ಕಾರಣ ಸರಳ: ದೊಡ್ಡ ದೇಶಗಳೆಲ್ಲ ಇದನ್ನು ಮಾಡುತ್ತವೆ, ಯಾರಿಗೂ ತಮ್ಮ ಕೈ ಕಟ್ಟಿಕೊಳ್ಳಲು ಇಷ್ಟವಿಲ್ಲ.

2015ರಲ್ಲಿ ಅಮೆರಿಕದ ಸರ್ಕಾರಿ ನೌಕರರ ದಾಖಲೆ ಇಡುವ ಕಚೇರಿಯಿಂದ 2.15 ಕೋಟಿ ಜನರ ಮಾಹಿತಿ ಕಳವಾದದ್ದು ಬಯಲಾಯಿತು. ರಹಸ್ಯ ಕೆಲಸಕ್ಕೆ ಸೇರುವವರು ತುಂಬುವ ಉದ್ದದ ಫಾರ್ಮ್‌ಗಳು ಅವು: ಸಾಲ, ಚಿಕಿತ್ಸೆ, ವಿದೇಶದಲ್ಲಿರುವ ಸ್ನೇಹಿತರು, ಹಿಂದೆ ವಾಸವಿದ್ದ ಮನೆಗಳು, ಎಲ್ಲವೂ ಅದರಲ್ಲಿರುತ್ತದೆ. ಸುಮಾರು 56 ಲಕ್ಷ ಜನರ ಬೆರಳಚ್ಚೂ ಹೋಯಿತು. ಪಾಸ್‌ವರ್ಡ್ ಬದಲಿಸಬಹುದು, ಬೆರಳಚ್ಚು ಬದಲಿಸಲು ಆಗುವುದಿಲ್ಲ. ಅಷ್ಟಾದರೂ ಅಂದಿನ ಗುಪ್ತಚರ ಮುಖ್ಯಸ್ಥ ಜೇಮ್ಸ್ ಕ್ಲಾಪರ್, ಅವಕಾಶ ಸಿಕ್ಕಿದ್ದರೆ ನಾವೂ ಇದನ್ನೇ ಮಾಡುತ್ತಿದ್ದೆವು ಎಂಬರ್ಥದಲ್ಲಿ ಬಹಿರಂಗವಾಗಿಯೇ ಮಾತಾಡಿದರು. ಈ ಕಳವಿಗಾಗಿ ಚೀನಾ ಮೇಲೆ ನಿರ್ಬಂಧ ಹೇರಲಿಲ್ಲ. ತಮ್ಮ ಮನೆಯ ವಿವರ ಕಳಕೊಂಡ ಸಾಮಾನ್ಯ ನೌಕರನಿಗೆ ಈ ‘ವೃತ್ತಿಪರ ಮೆಚ್ಚುಗೆ’ ಹೇಗೆ ಕೇಳಿಸಿರಬಹುದು, ನೀವೇ ಊಹಿಸಿ.

ಹಾಗಾದರೆ ಅಮೆರಿಕ ಎಲ್ಲಿ ಗೆರೆ ಎಳೆಯಿತು? ಕಂಪನಿಗಳ ರಹಸ್ಯ ಕದ್ದು ತನ್ನ ದೇಶದ ಕಂಪನಿಗೆ ಕೊಡುವಲ್ಲಿ. 2014ರ ಮೇನಲ್ಲಿ ಚೀನಾ ಸೇನೆಯ ಐವರು ಅಧಿಕಾರಿಗಳ ಮೇಲೆ ಅಮೆರಿಕ ಮೊಕದ್ದಮೆ ಹೂಡಿತು. ಉಕ್ಕು, ಅಲ್ಯೂಮಿನಿಯಂ, ಪರಮಾಣು ವಿದ್ಯುತ್ ಕಂಪನಿಗಳ ಮಾಹಿತಿ ಕದ್ದರೆಂಬುದು ಆರೋಪ. ಚೀನಾ ಸಿಟ್ಟಿಗೆದ್ದು, ಎರಡೂ ದೇಶ ಸೇರಿ ನಡೆಸುತ್ತಿದ್ದ ಸೈಬರ್ ಮಾತುಕತೆಯಿಂದ ಹೊರನಡೆಯಿತು. ಆದರೆ 2015ರ ಸೆಪ್ಟೆಂಬರ್‌ನಲ್ಲಿ ಒಬಾಮ ಮತ್ತು ಷಿ ಜಿನ್‌ಪಿಂಗ್ ಶ್ವೇತಭವನದಲ್ಲಿ ನಿಂತು, ವ್ಯಾಪಾರದ ಲಾಭಕ್ಕಾಗಿ ಪರಸ್ಪರರ ಕಂಪನಿಗಳಿಂದ ಕದಿಯುವುದಿಲ್ಲ ಎಂದು ಒಪ್ಪಿಕೊಂಡರು. ಸರ್ಕಾರ ಸರ್ಕಾರದ ಮೇಲೆ ಕಣ್ಣಿಡುವುದನ್ನು ಆ ಮಾತಿನಿಂದ ಹೊರಗಿಟ್ಟಿದ್ದರು. ಸ್ವಲ್ಪ ಕಾಲ ದಾಳಿಗಳು ಕಡಿಮೆಯೂ ಆದವು. 2018ರ ಹೊತ್ತಿಗೆ ಅಮೆರಿಕ ಮತ್ತೆ ಚೀನಾ ಮಾತು ಮುರಿದಿದೆ ಎಂದು ದೂರುತ್ತಿತ್ತು.

ಸ್ನೇಹಿತರ ಮೇಲೂ ಕಣ್ಣು

2013ರಲ್ಲಿ ಎಡ್ವರ್ಡ್ ಸ್ನೋಡೆನ್ ದಾಖಲೆಗಳು ಹೊರಬಂದಾಗ ಮುಜುಗರ ಅಮೆರಿಕದ್ದಾಗಿತ್ತು. ಬ್ರೆಜಿಲ್ ಅಧ್ಯಕ್ಷೆ ದಿಲ್ಮಾ ರೂಸೆಫ್ ವಾಷಿಂಗ್ಟನ್ ಭೇಟಿ ಮುಂದೂಡಿದರು. ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್ ಅವರ ಮೊಬೈಲ್ ಮೇಲೂ ಅಮೆರಿಕ ಕಣ್ಣಿಟ್ಟಿತ್ತು ಎಂಬ ವರದಿ ಬಂದಾಗ ಅವರು ಒಬಾಮಗೆ ಫೋನ್ ಮಾಡಿ ಪ್ರತಿಭಟಿಸಿದರು. ಮರುವರ್ಷ ಬರ್ಲಿನ್‌ನಲ್ಲಿದ್ದ ಸಿಐಎ ಮುಖ್ಯಸ್ಥರನ್ನು ಜರ್ಮನಿ ಹೊರಹೋಗಲು ಹೇಳಿತು. ಮೊಬೈಲ್ ತನಿಖೆ ಮಾತ್ರ ಸಾಕಷ್ಟು ಸಾಕ್ಷ್ಯ ಇಲ್ಲವೆಂದು 2015ರಲ್ಲಿ ಮುಚ್ಚಿಹೋಯಿತು.

ಭಾರತಕ್ಕೂ ಇದು ತಟ್ಟಿತು. 2010ರಲ್ಲಿ ಬಿಜೆಪಿಯ ಮೇಲೆ ನಿಗಾ ಇಡಲು ಅಮೆರಿಕದ ಸಂಸ್ಥೆಗೆ ಅನುಮತಿ ಇತ್ತೆಂಬ ವರದಿ ಬಂದಾಗ, 2014ರ ಜುಲೈನಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಅಮೆರಿಕದ ರಾಜತಾಂತ್ರಿಕರನ್ನು ಕರೆಸಿ ಆಕ್ಷೇಪ ದಾಖಲಿಸಿತು. ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮೋದಿ ವಾಷಿಂಗ್ಟನ್‌ಗೆ ಹೋದರು. ಸಿಟ್ಟು ದಾಖಲಾಯಿತು, ಕೆಲಸವೂ ಮುಂದುವರಿಯಿತು.

‘ರಾಜತಾಂತ್ರಿಕರ ಉಚ್ಚಾಟನೆ’ ಎಂದರೆ ಸಂಬಂಧ ಕಡಿತವೇ?

ಅಲ್ಲ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ಯಾವ ದೇಶವೂ ಕಾರಣ ಕೊಡದೆಯೇ ವಿದೇಶಿ ರಾಜತಾಂತ್ರಿಕರನ್ನು ‘ನೀವು ಬೇಡ’ ಎನ್ನಬಹುದು. ಹೊರಗಿನ ಜನರಿಗೆ ಕಾಣುವಂತೆ ಸಿಟ್ಟು ತೋರಿಸಲು ಇರುವ ಹಳೆಯ, ಅಳತೆಯ ದಾರಿ ಇದು.

ರಷ್ಯಾದ ವಿಷಯದಲ್ಲಿ ಇದನ್ನು ಚೆನ್ನಾಗಿ ನೋಡಬಹುದು. 2016ರ ಅಮೆರಿಕದ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಇಮೇಲ್‌ಗಳನ್ನು ಕದ್ದದ್ದಷ್ಟೇ ಅಲ್ಲ, ಪ್ರಚಾರದ ನಡುವೆ ಅವನ್ನು ಬಹಿರಂಗಕ್ಕೆ ಬಿಡಲಾಯಿತು. ರಷ್ಯಾ ನಿರಾಕರಿಸಿದರೂ ಒಬಾಮ ಸರ್ಕಾರ 35 ರಷ್ಯನ್ನರನ್ನು ಹೊರಹಾಕಿತು, ಎರಡು ವಸತಿ ಸಂಕೀರ್ಣಗಳನ್ನು ಮುಚ್ಚಿಸಿತು. 2020ರ ಡಿಸೆಂಬರ್‌ನಲ್ಲಿ ಸೋಲಾರ್‌ವಿಂಡ್ಸ್ ಪ್ರಕರಣ ಬಯಲಾಯಿತು. ಆ ಕಂಪನಿಯ ಸಾಫ್ಟ್‌ವೇರ್ ಅಪ್‌ಡೇಟ್‌ನೊಳಗೆ ಕಳ್ಳದಾರಿ ಸೇರಿಸಿ, ಅಮೆರಿಕದ ಒಂಬತ್ತು ಕೇಂದ್ರ ಸರ್ಕಾರಿ ಸಂಸ್ಥೆಗಳಿಗೆ ನುಗ್ಗಿದ್ದರು. ಅಮೆರಿಕ ರಷ್ಯಾದ ಗುಪ್ತಚರ ಸಂಸ್ಥೆಯ ಹೆಸರು ಹೇಳಿ, ಹತ್ತು ಮಂದಿಯನ್ನು ಹೊರಹಾಕಿದ್ದು 2021ರ ಏಪ್ರಿಲ್ 15ರಂದು. ರಷ್ಯಾವೂ ಲೆಕ್ಕ ಸರಿಮಾಡಿ ಹತ್ತು ಮಂದಿಯನ್ನೇ ಕಳಿಸಿತು. ಅದಾಗಿ ಎರಡೇ ತಿಂಗಳಿಗೆ ಬೈಡನ್ ಮತ್ತು ಪುಟಿನ್ ಜಿನೀವಾದಲ್ಲಿ ಭೇಟಿಯಾದರು. ವಿದ್ಯುತ್, ನೀರು ಮುಂತಾದ 16 ಕ್ಷೇತ್ರಗಳನ್ನು ಮುಟ್ಟಬಾರದೆಂದು ಬೈಡನ್ ಒಂದು ಪಟ್ಟಿಯನ್ನೇ ಕೊಟ್ಟರು.

ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಆ ಅಂತರ ಗಮನಿಸಿ. ಹ್ಯಾಕರ್‌ಗಳು ಬೇರೆ ದೇಶಗಳ ಸರ್ವರ್‌ಗಳ ಮೂಲಕ ಬರುತ್ತಾರೆ, ಯಾರೆಂದು ಖಚಿತಪಡಿಸಿಕೊಳ್ಳಲು ತಿಂಗಳುಗಳೇ ಬೇಕು. ಖಚಿತವಾದ ಮೇಲೂ, ತಮಗೆ ಹೇಗೆ ಗೊತ್ತಾಯಿತು ಎಂದು ತೋರಿಸಿಕೊಳ್ಳಲು ಗುಪ್ತಚರ ಸಂಸ್ಥೆಗಳಿಗೆ ಇಷ್ಟವಿರುವುದಿಲ್ಲ. ನಿನ್ನೆ ಹ್ಯಾಕ್, ಇವತ್ತು ಯುದ್ಧ ಎನ್ನುವ ಫಾರ್ವರ್ಡ್ ಬಂದರೆ ಅನುಮಾನಿಸಲು ಇದೊಂದೇ ಕಾರಣ ಸಾಕು.

ಇನ್ನೊಂದು ಪ್ರಕರಣ ‘ಸಾಲ್ಟ್ ಟೈಫೂನ್’. ಚೀನಾದ್ದೆಂದು ಹೇಳಲಾದ ಈ ಗುಂಪು ಅಮೆರಿಕದ ಕನಿಷ್ಠ ಒಂಬತ್ತು ಟೆಲಿಕಾಂ ಕಂಪನಿಗಳ ಜಾಲದೊಳಗೆ ಹೊಕ್ಕಿತ್ತು ಎಂದು 2024ರ ಕೊನೆಯಲ್ಲಿ ಅಲ್ಲಿನ ಸರ್ಕಾರ ತಿಳಿಸಿತು. 2025ರ ಜನವರಿಯಲ್ಲಿ ಸಿಚುವಾನ್‌ನ ಒಂದು ಕಂಪನಿಯ ಮೇಲೆ ನಿರ್ಬಂಧ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟ್ರಂಪ್ ಮತ್ತು ಷಿ ದಕ್ಷಿಣ ಕೊರಿಯಾದಲ್ಲಿ ಕೂತು ಸುಂಕದ ಬಗ್ಗೆ ಮಾತಾಡಿದರು. ಇತ್ತ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ತನ್ನ ಹಿರಿಯ ಅಧಿಕಾರಿಗಳಿಗೂ ರಾಜಕಾರಣಿಗಳಿಗೂ ಒಂದು ಸಲಹೆ ಕೊಟ್ಟಿತ್ತು: ಸಾದಾ ಎಸ್‌ಎಂಎಸ್ ಬಿಡಿ, ಕಳಿಸಿದವರು ಮತ್ತು ಪಡೆದವರು ಬಿಟ್ಟರೆ ನಡುವೆ ಯಾರೂ ಓದಲಾಗದಂತೆ ಎನ್‌ಕ್ರಿಪ್ಟ್ ಆಗುವ ಮೆಸೇಜಿಂಗ್ ಆ್ಯಪ್ ಮಾತ್ರ ಬಳಸಿ.