ಗೇರುಸೊಪ್ಪೆಯ ಮರಗಳು

ಅರಮನೆ ಅಳಿದ ನೆಲದಲ್ಲಿ ಕಾಡು ಬೆಳೆಯಿತೆಂಬುದು ಸಾಹಿತ್ಯವನ್ನು ಬೋಧಿಸುವ ನಮಗೆ ಬಹು ಪ್ರಿಯವಾದ ಚಿತ್ರ. ವೈಭವ ನಶ್ವರವೆನ್ನಲು ನಾನೂ ತರಗತಿಯಲ್ಲಿ ಅದನ್ನು ಎಷ್ಟೋ ಬಾರಿ ಬಳಸಿದ್ದುಂಟು. ಆದರೆ ಆ ಕಾಡು ಎಲ್ಲಿಂದ ಬಂದಿತೆಂದು ಮಾತ್ರ ಕೇಳಿಕೊಂಡಿರಲಿಲ್ಲ.

ಶರಾವತಿಯ ದಡದ ಗೇರುಸೊಪ್ಪೆಯನ್ನೇ ತೆಗೆದುಕೊಳ್ಳೋಣ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಅದು. 1606ರ ಸುಮಾರಿಗೆ ಆ ರಾಜ್ಯ ಕೆಳದಿಯವರ ವಶವಾಯಿತು. 1623ರಲ್ಲಿ ಇಕ್ಕೇರಿಗೆ ಹೊರಟಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಈ ದಾರಿಯಲ್ಲಿ ಬಂದಾಗ ನಗರವೂ ಅರಮನೆಯೂ ಪಾಳುಬಿದ್ದು, ಅವುಗಳ ಮೇಲೆ ಮರಗಳು ಬೆಳೆದಿದ್ದುವು. ಉಳಿದಿದ್ದುದು ಕೆಲವು ಗುಡಿಸಲುಗಳಷ್ಟೆ. ಎರಡು ದಶಕ ತುಂಬುವ ಮೊದಲೇ ಕಾಡು ಮರಳಿತ್ತು. ಇಂದು ಚತುರ್ಮುಖ ಬಸದಿ ನಿಂತಿರುವುದು ಕಾಡಿನ ನಡುವೆ.

ಕಾಡು ಮರಳುವುದಕ್ಕೂ ಒಂದು ಕ್ರಮವಿದೆ. ಬುಡ ಉಳಿದಿದ್ದರೆ ನಂದಿ, ಮತ್ತಿಯಂಥ ಮರಗಳು ಮೊದಲ ಮಳೆಗೇ ಚಿಗುರುತ್ತವೆ. ಬಿಸಿಲು ಬಿದ್ದ ನೆಲದಲ್ಲಿ ಉಪ್ಪಳಿಗೆಯಂಥ ಅವಸರದ ಗಿಡಗಳು ಏಳುತ್ತವೆ. ಅವುಗಳ ಬೀಜ ಹಕ್ಕಿಗಳಿಂದ ಬರುತ್ತದೆ, ಮಣ್ಣಿನಲ್ಲಿಯೂ ಕಾದಿರುತ್ತದೆ. ಅವು ಕೊಟ್ಟ ನೆರಳಿನಲ್ಲಿ ಮಾತ್ರ ಹಳೆಯ ಕಾಡಿನ ಸಸಿಗಳು ನಿಲ್ಲಬಲ್ಲುವು. ಧೂಪದ ಬೀಜ ದಪ್ಪನಾದುದು, ಹೆಚ್ಚು ದಿನ ಬಾಳದು, ಗಾಳಿಗೆ ಹಾರದು. ರಾಮಪತ್ರೆಯ ಬೀಜವನ್ನು ಮಂಗಟ್ಟೆ ಹಕ್ಕಿ ನುಂಗಿ ದೂರ ಸಾಗಿಸಬೇಕು. ತಾಯಿಮರ ಸಮೀಪದಲ್ಲಿಲ್ಲದಿದ್ದರೆ, ಹೊರುವ ಹಕ್ಕಿ ಇಲ್ಲದಿದ್ದರೆ, ಉಪ್ಪಳಿಗೆಯ ಮುಂದಿನ ಅಧ್ಯಾಯ ಬರೆಯಲ್ಪಡುವುದೇ ಇಲ್ಲ.

ಮಲೆಯ ಕುಮರಿ ಬೇಸಾಯಗಾರರು ಇದನ್ನು ಅನುಭವದಿಂದ ಅರಿತಿದ್ದರು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಅವರ ಬೇಸಾಯವನ್ನು ದಾಖಲಿಸಿದ್ದಾನೆ. ಬೇಸಗೆಯಲ್ಲಿ ಮರ ಕಡಿದು, ಒಣಗಿದುದನ್ನು ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತುತ್ತಿದ್ದರು. ಒಂದೆರಡು ಬೆಳೆಯ ನಂತರ ಆ ನೆಲವನ್ನು ಹತ್ತು ಹನ್ನೆರಡು ವರ್ಷ ಕಾಡಿಗೇ ಬಿಟ್ಟುಕೊಡುತ್ತಿದ್ದರು. ಆ ವಿರಾಮ ಕುಗ್ಗಿದಲ್ಲೆಲ್ಲ ಕಾಡು ಕುರುಚಲಾಯಿತು. ಮಲೆನಾಡಿನ ನುಡಿ ಈ ಅಂತರವನ್ನು ಬಲ್ಲದು: ದಟ್ಟವಾದುದು ‘ಕಾನು’, ಕಡಿದು ಬಯಲಾದುದು ‘ಹಕ್ಕಲು’.

1860ರಲ್ಲಿ ಮದರಾಸು ಸರ್ಕಾರ ತನ್ನ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಕುಮರಿಯವರನ್ನು ಕಾಡಿನ ಶತ್ರುಗಳೆಂದ ಆಡಳಿತವೇ ಮುಂದೆ ಮಿಶ್ರವನವನ್ನು ಕಡಿದು ಸಾಗುವಾನಿಯ ತೋಪುಗಳನ್ನು ಎಬ್ಬಿಸಿತು. ಕುಮರಿ ನೆಲಕ್ಕೆ ಮರಳಿ ಕಾಡಾಗುವ ಅವಕಾಶವಿತ್ತು. ತೋಪಿಗೆ ಅದನ್ನು ಕೊಡಲಿಲ್ಲ.

“ಕಡಿದರೇನು, ಮತ್ತೆ ಬೆಳೆಯುತ್ತದೆ” ಎಂಬ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಬೆಳೆಯುತ್ತದೆ, ಸುಳ್ಳಲ್ಲ. ಆದರೆ ದೆಲ್ಲಾ ವಾಲೆ ಕಂಡುದು ಹದಿನೇಳು ವರ್ಷದ ಹಸುರು. ಈಗ ಬಸದಿಯ ಸುತ್ತ ಇರುವುದರ ಹಿಂದೆ ನಾಲ್ಕು ಶತಮಾನಗಳಿವೆ. ಅಂದು ನಗರವೊಂದು ಪಾಳಾದರೂ ಸುತ್ತಲಿನ ಬೆಟ್ಟಗಳಲ್ಲಿ ತಾಯಿಮರಗಳಿದ್ದುವು, ಬೀಜ ಹೊರುವ ಹಕ್ಕಿಗಳಿದ್ದುವು. ಗೇರುಸೊಪ್ಪೆಯಲ್ಲಿ ಕಾಡು ಹಿಂದಿರುಗಿತು, ಏಕೆಂದರೆ ಪಕ್ಕದಲ್ಲಿ ಕಾಡು ಉಳಿದಿತ್ತು. ಅದೇ ಚಿತ್ರವನ್ನು ಈಗ ತರಗತಿಯಲ್ಲಿ ಹೇಳಬೇಕಾಗಿ ಬಂದರೆ, ನಶ್ವರತೆಯ ಮಾತಿಗಿಂತ ಮೊದಲು ಇದನ್ನು ಹೇಳುತ್ತೇನೆ.