ಅಂಚಿನಿಂದ ನಡುವಿಗೆ

ಮಾರೇನಹಳ್ಳಿಯ ಮನೆಯಲ್ಲಿ ಅಜ್ಜಿಯ ಕೌದಿಯ ಅಂಚು ಬಿಚ್ಚಿಕೊಂಡಿತ್ತು. ಹೊಲಿಯಲು ಕೂತಾಗ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿ ನೆನಪಾಯಿತು. ನಾನು ಅಂಚನ್ನು ಕೊನೆಗೆ ಕಟ್ಟುವವಳು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಅವರು ಹಳೆ ಸೀರೆಯ ಮೇಲೆ ಒಂದು ಮೂಲೆಯಿಂದ ತೇಪೆ ಕೂಡಿಸುತ್ತ, ಅಂಚನ್ನು ಮೊದಲೇ ಮಡಿಚಿ ಹೊಲಿದು, ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಿಚಿದ ತ್ರಿಕೋನದ ‘ಫುಲ’ ಇರದಿದ್ದರೆ ಕವಂದಿ ಬೆತ್ತಲೆ ಎನ್ನುತ್ತಾರೆ.

ಇವರ ಪೂರ್ವಿಕರಲ್ಲಿ ಹಲವರು ಆಫ್ರಿಕಾದಿಂದ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ಕಾಡಿಗೆ ತಪ್ಪಿಸಿಕೊಂಡವರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವರ ಕವಂದಿಗಳ ಪ್ರದರ್ಶನ ನಡೆಯಿತು. ಓಡಿಬಂದವರ ಹೆಸರುಗಳನ್ನು ಕವಂದಿ ಹೇಳಲಾರದು. ಅವರ ಮೊಮ್ಮಕ್ಕಳ ಕೈ ಎಲ್ಲಿಂದ ಶುರುಮಾಡುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ.